ಮೊದಲ ಬೈಕ್: ಆರಿಸುವುದು, ಕೊಳ್ಳುವುದು, ಕಾಪಾಡಿಕೊಳ್ಳುವುದು

ಮೊದಲ ಬೈಕ್ ಕೊಳ್ಳಹೊರಟವರು ಎಲ್ಲರನ್ನೂ ಕೇಳುವ ಪ್ರಶ್ನೆ ‘ಯಾವ ಗಾಡಿ ಚೆನ್ನಾಗಿದೆ?’ ಎಂಬುದು. ಆ ಗಾಡಿ ದಿನವೂ ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಏನನ್ನು ಹೊತ್ತು ಓಡಬೇಕು ಎಂಬುದಕ್ಕೆ ಉತ್ತರ ಸಿಗುವ ತನಕ ಈ ಪ್ರಶ್ನೆಗೆ ಉತ್ತರವಿಲ್ಲ. ನಾನು ಮಂಡ್ಯದಲ್ಲಿದ್ದು ಕೆಲಸಕ್ಕಾಗಿ ಮೈಸೂರಿಗೆ ಓಡಾಡುವವನು. ನನಗಾಗಿ ಮೂರು ಬೈಕುಗಳನ್ನೂ, ಮನೆಯವರಿಗೆ ಮತ್ತು ನೆಂಟರಿಷ್ಟರಿಗೆ ಅದಕ್ಕಿಂತ ಹೆಚ್ಚಿನವನ್ನೂ ನೋಡಿ ಕೊಡಿಸಿದ್ದೇನೆ. ಗಾಡಿಯ ಸ್ಥಿತಿಗತಿಯ ಬಹುಪಾಲನ್ನು ಮೆಕ್ಯಾನಿಕ್ ಅಲ್ಲದವರೂ ಕಣ್ಣಿನಿಂದ, ಕೈಯಿಂದ, ಕಿವಿಯಿಂದ ತಿಳಿಯಬಹುದು ಎಂಬುದು ಈ ಓಡಾಟದಲ್ಲಿ ನನಗೆ ಖಚಿತವಾಗಿದೆ. ಹೊಸಬರು ಆ ನೋಟವನ್ನು ರೂಢಿಸಿಕೊಳ್ಳಲಿ ಎಂದೇ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ರಸ್ತೆಗೆ ತಕ್ಕ ಗಾಡಿ

ಮೈಸೂರಿನೊಳಗೇ ಕುವೆಂಪುನಗರದಿಂದ ಮಾನಸಗಂಗೋತ್ರಿಗೆ ಹೋಗಿಬರುವ ವಿದ್ಯಾರ್ಥಿಗೆ ದಿನಕ್ಕೆ ಹತ್ತು ಕಿ.ಮೀ. ಓಡಿಸಿದರೆ ಹೆಚ್ಚು. ಮಂಡ್ಯದಿಂದ ಮೈಸೂರಿಗೆ ಹೋಗಿಬರುವವರಿಗೆ ಹೆಚ್ಚುಕಡಿಮೆ ತೊಂಬತ್ತು ಕಿ.ಮೀ. ಆಗುತ್ತದೆ. ಈ ಎರಡನೆಯ ಗುಂಪಿನವರು ಗಾಡಿ ಆರಿಸುವ ಮೊದಲೇ ಒಂದು ಸಂಗತಿಯನ್ನು ಗಮನದಲ್ಲಿಡಬೇಕು: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಮ್ಮ ಪಾಲಿಗಿರುವುದು ಸರ್ವೀಸ್ ರಸ್ತೆ. ಅಲ್ಲಿ ಎದುರಿನಿಂದಲೂ ವಾಹನ ಬರುತ್ತದೆ, ಊರುಗಳ ಬಳಿ ದನಕರು ಅಡ್ಡ ಬರುತ್ತವೆ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ನಿಧಾನವಾಗಿ ಸಾಗುತ್ತಿರುತ್ತವೆ. ಆ ರಸ್ತೆಯಲ್ಲಿ ನೂರು ಕಿ.ಮೀ. ವೇಗಕ್ಕೆ ಏರುವ ಎಂಜಿನ್ನಿಗೆ ಕೆಲಸವೇ ಇಲ್ಲ. ಬೇಕಾಗಿರುವುದು ಒಳ್ಳೆಯ ಬ್ರೇಕು, ಒಳ್ಳೆಯ ಹೆಡ್‌ಲೈಟು ಮತ್ತು ಬೆನ್ನು ನೋಯಿಸದ ಸೀಟು.

ಆದ್ದರಿಂದ ಮೊದಲ ಗಾಡಿಗೆ 100ರಿಂದ 125 ಸಿ.ಸಿ. ಎಂಜಿನ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನವೂ ದೂರ ಹೋಗುವವರು, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವವರು 150–160 ಸಿ.ಸಿ. ತನಕ ಹೋಗಬಹುದು. ಸಣ್ಣ ಗಾಡಿಗಳ ತೂಕ ಸುಮಾರು 110ರಿಂದ 125 ಕೆ.ಜಿ. ಇರುತ್ತದೆ, ಬಿದ್ದರೂ ಒಬ್ಬರೇ ಎತ್ತಿ ನಿಲ್ಲಿಸಬಹುದು. ಕಲಿಯುವವರು ಒಂದೆರಡು ಬಾರಿ ಬೀಳಿಸುವುದು ಸಹಜವಾದ್ದರಿಂದ ಇದು ಸಣ್ಣ ವಿಷಯವಲ್ಲ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಭದ್ರವಾಗಿ ತಾಗಬೇಕು. ಬ್ರೇಕಿನ ವಿಷಯದಲ್ಲಿ ಇನ್ನೊಂದು ವಿವರವಿದೆ. 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್., ಅದರೊಳಗಿನವಕ್ಕೆ ಎರಡೂ ಚಕ್ರದ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿ.ಬಿ.ಎಸ್. ಕಡ್ಡಾಯವಾಯಿತು. ಹಳೆಯ ಗಾಡಿ ಕೊಳ್ಳುವವರು ಸಾಧ್ಯವಾದರೆ ಈ ದಿನಾಂಕದ ಈಚಿನದನ್ನೇ ಹುಡುಕಬೇಕು.

ಮೈಸೂರಿನ ಮನೆಗಳಲ್ಲಿ ಇನ್ನೊಂದು ಆಸೆ ಇಣುಕುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಊರು ಇದು. ಎಷ್ಟೋ ಮನೆಗಳ ಹಿತ್ತಲಲ್ಲಿ ತಾತನದೋ ದೊಡ್ಡಪ್ಪನದೋ ಜಾವಾ ಅಥವಾ ಯೆಜ್ಡಿ ಇನ್ನೂ ನಿಂತಿದೆ. ಅದರ ಮೇಲಿನ ಪ್ರೀತಿ ನನಗೂ ಇದೆ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ, ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್ ಇರುವ ಆ ಟೂ-ಸ್ಟ್ರೋಕ್ ಗಾಡಿಯನ್ನು ಓಡಿಸುವುದಕ್ಕೂ ಕಾಪಾಡುವುದಕ್ಕೂ ಪಳಗಿದ ಕೈ ಬೇಕು. ಕೈ ಪಳಗಿದ ಮೇಲೆ ಅದನ್ನು ಹೊರತೆಗೆಯಿರಿ.

ಗಾಡಿಗಿಂತ ಮೊದಲು ಲೈಸೆನ್ಸ್

ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪಡೆಯುವ ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಅವಧಿ ಇದ್ದು, ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಈ ಅವಧಿಯಲ್ಲಿ ಹಿಂದೆ ಕೂರಬಹುದಾದವರು ಲೈಸೆನ್ಸ್ ಇದ್ದು ಕಲಿಸುತ್ತಿರುವವರು ಮಾತ್ರ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅಪ್ರಾಪ್ತ ಮಕ್ಕಳ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು ಮತ್ತು ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದತಿಗೆ ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ತಂದೆತಾಯಂದಿರು ತಿಳಿದಿರಬೇಕು.

ಹೊಸದೋ, ಹಳೆಯದೋ

ಹೊಸ ಗಾಡಿಗೆ ಶೋರೂಮಿನಲ್ಲಿ ಹೇಳುವ ಮೊದಲ ಬೆಲೆಯ ಮೇಲೆ ಆಜೀವ ತೆರಿಗೆ, ನೋಂದಣಿ ಶುಲ್ಕ ಮತ್ತು ವಿಮೆ ಸೇರುತ್ತವೆ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಬರೆದ ಪಟ್ಟಿಯನ್ನು ಕೇಳಿ ಪಡೆಯಿರಿ. ಹೊಸ ದ್ವಿಚಕ್ರ ವಾಹನಕ್ಕೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಪರಿಹಾರ ಕೊಡುವ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯವಾಗಿದೆ. ಆದರೆ ಅದನ್ನು ಶೋರೂಮಿನವರ ಮೂಲಕವೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಎರಡು ದರ ಕೇಳಿಕೊಂಡು ಹೋದರೆ ಮಾತಾಡಲು ಬಲ ಬರುತ್ತದೆ. ಸವಾರನಿಗೆ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಆ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಿಯೇ ಸಹಿ ಹಾಕಿ.

ಕಲಿಯುವವರಿಗೆ ನಾಲ್ಕೈದು ವರ್ಷ ಹಳೆಯದಾದ, ಒಬ್ಬರೇ ಮಾಲೀಕರಿದ್ದ ಗಾಡಿ ಒಳ್ಳೆಯದೆಂದು ನಾನು ಹೇಳುತ್ತೇನೆ. ಹಾಗೆ ಕೊಳ್ಳುವವರು ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬಾರದು. ಐದರಲ್ಲಿ ಒಂದು ಪಾಲನ್ನು ತೆಗೆದಿಟ್ಟರೆ ಹೆಲ್ಮೆಟ್, ವಿಮೆ, ಹೆಸರು ಬದಲಾವಣೆಯ ಖರ್ಚು, ಬೇಕಾದರೆ ಒಂದು ಟೈರು ಅಥವಾ ಚೈನ್ ಸ್ಪ್ರಾಕೆಟ್ ಸೆಟ್ಟು (ಚೈನು ಮತ್ತು ಅದು ಸುತ್ತುವ ಹಲ್ಲಿನ ಚಕ್ರಗಳು) ಅದರಲ್ಲೇ ನೀಗುತ್ತವೆ.

ಹಳೆಯ ಗಾಡಿಯನ್ನು ಪರೀಕ್ಷಿಸುವ ಕ್ರಮ

ಹಗಲು ಹೊತ್ತಿನಲ್ಲೇ ಹೋಗಿ. ಹೋಗುವ ಮೊದಲು ಮಾರುವವರಿಗೆ ಫೋನ್ ಮಾಡಿ, ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಸಾರ್’ ಎಂದು ಕೇಳಿಕೊಳ್ಳಿ. ತಲುಪಿದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಎಂಜಿನ್ ಮೇಲೆ ಅಂಗೈ ಇಟ್ಟು ನೋಡುವುದು. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರು ಮಾಡುವ ಗಾಡಿ ಇರಬಹುದೆಂದು ಅನುಮಾನಿಸಿ, ಇನ್ನೊಂದು ದಿನ ಬರುವುದಾಗಿ ಹೇಳಿ. ತಣ್ಣಗಿದ್ದರೆ ನೀವೇ ಸ್ಟಾರ್ಟ್ ಮಾಡಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಿಸಿ. ತಣ್ಣನೆಯ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದು ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ಎಂಜಿನ್ ಬಿಚ್ಚಿಸುವ ಕೆಲಸ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿರುವುದರ ಗುರುತು, ಅದನ್ನು ಬಹುತೇಕ ಸರಿಪಡಿಸಬಹುದು.

ಕಿ.ಮೀ. ಮೀಟರನ್ನು ಪೂರ್ತಿ ನಂಬಬೇಡಿ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಕಾಲಿಡುವ ಫುಟ್‌ರೆಸ್ಟಿನ ರಬ್ಬರು, ಹಿಂದಿನ ಬ್ರೇಕ್ ಪೆಡಲಿನ ಗೆರೆಗಳು, ಹ್ಯಾಂಡಲ್ ಗ್ರಿಪ್ಪು ಇವು ಸುಳ್ಳು ಹೇಳುವುದು ಕಡಿಮೆ. ಹನ್ನೆರಡು ಸಾವಿರ ಕಿ.ಮೀ. ಎಂದು ತೋರಿಸುವ ಗಾಡಿಯ ಬ್ರೇಕ್ ಪೆಡಲು ನುಣ್ಣಗೆ ಸವೆದು ಹೊಳೆಯುತ್ತಿದ್ದರೆ ಎರಡರಲ್ಲೊಂದು ಸುಳ್ಳು.

ಅನಂತರ ಡಬಲ್ ಸ್ಟ್ಯಾಂಡ್ ಹಾಕಿ, ಹಿಂಬದಿ ಒಬ್ಬರು ಅದುಮಿ ಹಿಡಿದು ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಮಾಡಿ. ಹ್ಯಾಂಡಲ್ಲಿನ ಎರಡು ತುದಿಗಳನ್ನು ಎರಡೆರಡು ಬೆರಳುಗಳಿಂದ ಮಾತ್ರ ಹಿಡಿದು, ಕಣ್ಣು ಮುಚ್ಚಿಕೊಂಡು, ಎಡದಿಂದ ಬಲಕ್ಕೆ ಬಹಳ ನಿಧಾನವಾಗಿ ತಿರುಗಿಸಿ. ಎಣ್ಣೆಯಲ್ಲಿ ಜಾರಿದಂತೆ ಒಂದೇ ಸಮ ಹೋಗಬೇಕು. ನಟ್ಟನಡುವೆ, ಚಕ್ರ ನೇರವಾಗುವ ಜಾಗದಲ್ಲಿ, ‘ಕಟ್’ ಎಂದು ಕೂತಂತೆ ಬೆರಳಿಗೆ ಗೊತ್ತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಅದರ ದುರಸ್ತಿ ದುಬಾರಿಯಲ್ಲ. ಆದರೆ ಹಾಗೇ ಓಡಿಸಿದರೆ ಗಾಡಿ ನೇರ ದಾರಿಯಲ್ಲೂ ಅತ್ತಿತ್ತ ಎಳೆಯುತ್ತದೆ. ಈಗ ಮುಂದಿನ ಚಕ್ರದ ಎದುರು ನಿಂತು ಅದನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕುಗಳು ಸಮಾನಾಂತರವಾಗಿವೆಯೇ ಎಂಬುದನ್ನೂ, ಅವುಗಳ ಹೊಳೆಯುವ ಕೊಳವೆಯ ಮೇಲೆ ಆಯಿಲ್ ಸೋರಿದ ಗುರುತಿದೆಯೇ ಎಂಬುದನ್ನೂ ನೋಡಿ. ಫೋರ್ಕ್ ಬಾಗಿದ್ದರೆ ಅಥವಾ ಹ್ಯಾಂಡಲ್ಲಿನ ಕೆಳಗಿನ ಚಾಸಿಸ್ ಭಾಗದಲ್ಲಿ ಹೊಸ ಬಣ್ಣ, ವೆಲ್ಡಿಂಗ್ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಬೆರಳಿನಿಂದ ಹಿಂದಕ್ಕೆಳೆದಾಗ ಹಲ್ಲಿನ ಅರ್ಧದಷ್ಟು ಹೊರಗೆ ಕಂಡರೆ ಸೆಟ್ಟನ್ನೇ ಬದಲಿಸಬೇಕಾಗುತ್ತದೆ; ಆ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆಯೊಂದು ಇರುತ್ತದೆ, 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಆಳವಾಗಿದ್ದರೂ ಬದಿಯಲ್ಲಿ ಸಣ್ಣ ಬಿರುಕುಗಳು ಬಂದ ಟೈರು ಮಳೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಕೊನೆಗೆ ಒಂದೆರಡು ಕಿ.ಮೀ. ಓಡಿಸಿ ನೋಡಿ. ಎಲ್ಲ ಗೇರುಗಳೂ ಬೀಳಬೇಕು, ಏರಿನಲ್ಲಿ ಎಂಜಿನ್ ಕೂಗಿಯೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಹಿಡಿದಾಗ ಒಂದೇ ಬದಿಗೆ ಎಳೆಯಬಾರದು. ಇಷ್ಟರ ಮೇಲೆ ನಿಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ತೋರಿಸಿದರೆ ಆ ಹಣ ವ್ಯರ್ಥವಲ್ಲ.

ಕಾಗದಪತ್ರ

ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ನೋಂದಣಿಯ ಅವಧಿ, ವಿಮೆ, ಸಾಲದ ನಮೂದು ಕಾಣುತ್ತವೆ. ಬಾಕಿ ದಂಡವನ್ನು ಇ-ಚಲನ್‌ನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಸಂಖ್ಯೆ ಕೆಎ-11 ಮಂಡ್ಯದ್ದೋ, ಕೆಎ-09 ಅಥವಾ ಕೆಎ-55 ಮೈಸೂರಿನದೋ ಎಂಬುದರಿಂದ ತೊಂದರೆಯಿಲ್ಲ; ಆದರೆ ಹೊರರಾಜ್ಯದ ಗಾಡಿಯಾದರೆ ಎನ್.ಒ.ಸಿ. (ಆಕ್ಷೇಪಣೆ ಇಲ್ಲವೆಂಬ ಪತ್ರ) ತರಿಸಿ ಕರ್ನಾಟಕದ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುವುದರಿಂದ ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯುವುದಿಲ್ಲ.

ಸಾಲದ ನಮೂದಿನ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನನ್ನ ಮೊದಲ ಗಾಡಿಯ ಆರ್.ಸಿ.ಯಲ್ಲಿ ಅದು ಹಾಗೇ ಉಳಿದಿತ್ತು. ಸಾಲ ತೀರಿದೆ ಎಂದು ಮಾರಿದವರು ಹೇಳಿದ್ದು ನಿಜವೇ ಆಗಿತ್ತು. ಆದರೆ ಸಾಲ ಕೊಟ್ಟಿದ್ದ ಸಂಸ್ಥೆ ಅಷ್ಟರಲ್ಲಿ ನಮ್ಮ ಊರಿನ ಶಾಖೆಯನ್ನು ಮುಚ್ಚಿತ್ತು. ಒಂದು ಹಾಳೆಯ ಎನ್.ಒ.ಸಿ.ಗಾಗಿ ಏಳು ತಿಂಗಳು ಅಲೆದೆ, ಅಷ್ಟೂ ದಿನ ಇನ್ನೊಬ್ಬರ ಹೆಸರಿನ ಗಾಡಿ ಓಡಿಸಿದೆ. ಸಾಲ ಕೊಟ್ಟವರ ಎನ್.ಒ.ಸಿ. ಮತ್ತು ಸಾಲದ ನಮೂದು ತೆಗೆಸಲು ಬೇಕಾದ, ಸಹಿಯಾದ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು, ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ನೋಂದಣಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ಮಾರುವವರು ನೆಂಟರೇ ಆಗಿದ್ದರೂ ‘ನಿಧಾನಕ್ಕೆ ಮಾಡಿಸೋಣ ಬಿಡಿ’ ಎಂಬ ಮಾತಿಗೆ ಒಪ್ಪಬಾರದು ಎಂದು ಹೇಳುವುದು ಅದಕ್ಕಾಗಿಯೇ.

ಹೆಲ್ಮೆಟ್

ಐ.ಎಸ್.ಐ. ಗುರುತಿನ ಜೊತೆಗೆ ಐ.ಎಸ್. 4151 ಎಂಬ ಸಂಖ್ಯೆ ಇರಬೇಕು. ಹಾಕಿಕೊಂಡಾಗ ಕೆನ್ನೆ ತುಸು ಒತ್ತಬೇಕು, ತಲೆ ಜೋರಾಗಿ ಆಡಿಸಿದರೂ ಹೆಲ್ಮೆಟ್ ಬೇರೆಯಾಗಿ ಅಲುಗಬಾರದು. ಒಮ್ಮೆ ಬಲವಾದ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ಮೊದಲ ದಿನವೇ ಎರಡನ್ನು ಕೊಂಡುಬಿಡಿ.

ಮೊದಲ ತಿಂಗಳ ಸವಾರಿ

ರಿಂಗ್ ರಸ್ತೆಯಾಚೆ ಇನ್ನೂ ಮನೆಗಳೇಳದ ಬಡಾವಣೆಗಳ ಖಾಲಿ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಕಲಿಯಿರಿ. ಮೊದಲು ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಸ್ವಲ್ಪಸ್ವಲ್ಪವೇ ಬಿಟ್ಟು ಗಾಡಿ ತಾನಾಗಿ ಹೊರಡುವ ಜಾಗ ಎಲ್ಲಿದೆ ಎಂದು ಕೈಗೆ ಗೊತ್ತು ಮಾಡಿಸಿ. ಅದಾದ ಮೇಲೆ ಬ್ರೇಕು. ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆ ಎಂಬ ಭಯ ನಮ್ಮಲ್ಲಿ ಬಹಳ ಜನರಿಗಿದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಚಕ್ರವೇ. ಗಾಡಿ ನೇರವಾಗಿರುವಾಗ ಎರಡನ್ನೂ ಒಟ್ಟಿಗೆ, ಒಮ್ಮೆಲೇ ಜಗ್ಗದೆ ಹಿಂಡಿದಂತೆ ಹಿಡಿಯುವುದನ್ನು ನೂರು ಬಾರಿಯಾದರೂ ಅಭ್ಯಾಸ ಮಾಡಿ.

ಮೈಸೂರಿನ ವೃತ್ತಗಳಲ್ಲಿ, ಕೆ.ಆರ್. ವೃತ್ತವಿರಲಿ ಹಾರ್ಡಿಂಜ್ ವೃತ್ತವಿರಲಿ, ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಡುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿಟ್ಟು ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಇಳಿಯಿರಿ.

ಮಂಡ್ಯದ ಕಡೆಯ ರಸ್ತೆಗಳಿಗೆ ಅವುಗಳದೇ ಋತುಗಳಿವೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಟ್ರ್ಯಾಕ್ಟರಿನ ಚಕ್ರದಿಂದ ಉದುರಿದ ಕೆಸರು ಟಾರಿನ ಮೇಲೆ ಸೋಪಿನಂತೆ ಜಾರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಾತ್ರಿ ತೀರ ಹತ್ತಿರವಾಗುವ ತನಕ ಕಾಣುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯ ಒಕ್ಕಣೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಒಣ ಹುರುಳಿ ಸೊಪ್ಪಿನ ಮೇಲೆ ಟೈರಿಗೆ ಹಿಡಿತವೇ ಇಲ್ಲ, ಬಳ್ಳಿ ಚೈನಿಗೂ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ. ದೂರದಿಂದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ದಾಟಿ. ದಾಟಿದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರದ ನಡುವೆ ಏನಾದರೂ ಸಿಕ್ಕಿದೆಯೇ ನೋಡಿ. ತಡೆಗೋಡೆಯಿಲ್ಲದ ನಾಲೆ ಏರಿಯ ದಾರಿಗಳಲ್ಲಿ ಕತ್ತಲಾದ ಮೇಲೆ ಹೊಸಬರು ಹೋಗಲೇಬಾರದು.

ಆರೈಕೆ

ಹೊಸ ಗಾಡಿಯಾದರೆ ಮೊದಲ ಸಾವಿರ ಕಿ.ಮೀ. ತನಕ ಎಂಜಿನ್ನನ್ನು ಅರಚಿಸಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಮೊದಲ ಸರ್ವೀಸನ್ನು ಕೈಪಿಡಿ ಹೇಳಿದ ಕಿ.ಮೀ.ಗೆ ತಪ್ಪದೆ ಮಾಡಿಸಿ. ಹಳೆಯ ಗಾಡಿ ಕೊಂಡವರು ಹಿಂದಿನವರ ಮಾತಿಗೆ ಕಾಯದೆ ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಿಸಿ ಆ ದಿನದಿಂದ ಲೆಕ್ಕ ಶುರು ಮಾಡುವುದು ಒಳ್ಳೆಯದು.

ಆಯಿಲನ್ನು ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ವಾರಕ್ಕೊಮ್ಮೆ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ತಪ್ಪು ಮಟ್ಟ ತೋರಿಸುತ್ತದೆ. ಬದಲಿಸುವಾಗ ಕೈಪಿಡಿಯಲ್ಲಿರುವ ದರ್ಜೆಯನ್ನೇ, ಡಬ್ಬದ ಮೇಲೆ ‘ಜಾಸೊ ಎಂ.ಎ.’ ಅಥವಾ ‘ಎಂ.ಎ.2’ ಗುರುತಿರುವುದನ್ನೇ ಹಾಕಿಸಿ. ಬಹುತೇಕ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ, ಅಗ್ಗವೆಂದು ಕಾರಿನ ಆಯಿಲ್ ಹಾಕಿಸಿದರೆ ಕ್ಲಚ್ ಜಾರಬಹುದು. ಡಬ್ಬ ಒಡೆಯುವಾಗ ಎದುರಿಗೇ ನಿಂತಿರಿ.

ಟೈರಿನ ಗಾಳಿಯನ್ನು ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಬೇಕು. ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 28–29 ಪಿ.ಎಸ್.ಐ., ಹಿಂದೆ ಒಬ್ಬರು ಕೂತರೆ ಹಿಂದಿನ ಟೈರಿಗೆ ಇನ್ನೂ ಹೆಚ್ಚು. ನಿಮ್ಮ ಗಾಡಿಯ ನಿಖರ ಅಂಕಿ ಅದರ ಕೈಪಿಡಿಯಲ್ಲಿದೆ, ಎಷ್ಟೋ ಗಾಡಿಗಳಲ್ಲಿ ಚೈನ್ ಕವರ್ ಮೇಲೆಯೂ ಅಂಟಿಸಿರುತ್ತಾರೆ.

ಹೊಸಬರು ತಾವೇ ಮಾಡಲು ಕಲಿಯಬೇಕಾದ ಕೆಲಸ ಚೈನಿನದು. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದಾಗ ಮರುದಿನವೇ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗಿಟ್ಟುಕೊಂಡು, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರಿನಲ್ಲಿ ಅದ್ದಿ ಉಜ್ಜಿ. ಮೊದಲು ಕಪ್ಪು ಜಿಡ್ಡು, ಅದರಡಿ ಮರಳಿನಂಥ ಕಣಗಳು ಬರುತ್ತವೆ. ಕೊಂಡಿಗಳ ಲೋಹದ ಬಣ್ಣ ಕಾಣುವ ತನಕ ಬಿಡಬೇಡಿ. ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ, ಕೆಳಗಿನ ಸಾಲಿನ ಒಳಮೈಗೆ ಗೇರ್ ಆಯಿಲ್ ಅಥವಾ ಚೈನ್ ಲೂಬ್ ಹನಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಂಜಿನ್ ಓಡಿಸಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ರೂಢಿ ಕೆಲವು ಕಡೆ ಇದೆ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎರಡು ಸ್ಪ್ರಾಕೆಟ್ಟುಗಳ ನಡುವೆ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಬಹುತೇಕ ಸಣ್ಣ ಗಾಡಿಗಳಲ್ಲಿ 20ರಿಂದ 30 ಮಿ.ಮೀ. ಸಡಿಲ ಇರಬೇಕು. ತೀರ ಬಿಗಿ ಮಾಡಿದರೂ ಬೇರಿಂಗುಗಳು ಬೇಗ ಹೋಗುತ್ತವೆ.

ಡಿಸ್ಕ್ ಬ್ರೇಕಿನ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನ ಸೀಮೆಗೆ ಪರಿಚಯವಿರುವ ಕಾಕಂಬಿಯಿಂದಲೂ ತಯಾರಾಗುವ ಈ ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಆದ್ದರಿಂದ ಗಾಡಿಯನ್ನು ತಿಂಗಳುಗಟ್ಟಲೆ ಮೂಲೆಗೆ ನಿಲ್ಲಿಸಬೇಡಿ, ವಾರಕ್ಕೊಮ್ಮೆಯಾದರೂ ಐದಾರು ಕಿ.ಮೀ. ಓಡಿಸಿ, ಬ್ಯಾಟರಿಗೂ ಅದೇ ಔಷಧ.

ಇನ್ನು ಆಯುಧಪೂಜೆ. ವರ್ಷದಲ್ಲಿ ಗಾಡಿಗೆ ಅತಿ ಹೆಚ್ಚು ನೀರು ಬೀಳುವ ದಿನ ಅದು. ಜೋರು ನೀರನ್ನು ಚಕ್ರದ ನಡುಭಾಗಕ್ಕೆ, ಸ್ವಿಚ್ಚುಗಳಿಗೆ, ಸೈಲೆನ್ಸರಿನ ಬಾಯಿಗೆ ಬಿಡಬೇಡಿ. ತೊಳೆದ ಮೇಲೆ ಚೈನಿಗೆ ಎಣ್ಣೆ ಕಾಣಿಸಿ, ಗಲ್ಲಿಯಲ್ಲೇ ನಿಧಾನವಾಗಿ ಎರಡು ಸುತ್ತು ಹಾಕಿ ಬ್ರೇಕ್ ಒಣಗಿಸಿ. ಅರಿಸಿನ ಕುಂಕುಮವನ್ನು ಮೀಟರಿನ ಗಾಜಿಗೂ ಡಿಸ್ಕಿಗೂ ಹಚ್ಚದೆ ಟ್ಯಾಂಕಿಗೆ ಹಚ್ಚಿ. ಹ್ಯಾಂಡಲ್ಲಿಗೆ ಹಾಕಿದ ಸೇವಂತಿಗೆ ಹಾರದ ದಾರ ಫೋರ್ಕಿನ ನಡುವೆ ಇಳಿದು ಕ್ಲಚ್ ಕೇಬಲ್ಲಿಗೋ ಮುಂದಿನ ಚಕ್ರಕ್ಕೋ ಸುತ್ತಿಕೊಂಡರೆ ಹ್ಯಾಂಡಲ್ ತಿರುಗುವುದಿಲ್ಲ. ಪೂಜೆ ಮುಗಿದು, ನಿಂಬೆಹಣ್ಣು ತುಳಿಸಿ ಗಾಡಿ ಮನೆಯ ಮುಂದಿನಿಂದ ಹೊರಡುವ ಮೊದಲು ಹಾರವನ್ನು ಹೆಡ್‌ಲೈಟಿನ ಮೇಲಕ್ಕೆ ಗಿಡ್ಡವಾಗಿ ಕಟ್ಟಿ, ಇಲ್ಲವೇ ತೆಗೆದು ದೇವರ ಮುಂದಿಡಿ.